ಹಣ್ಣು ಹುಳುವಿನ ದಿನ ಜಪಾನು ಬಂತು

ನನ್ನ ತಂಗಿ ಭಾಗ್ಯ ಕೊಟ್ಟ ಲಕೋಟೆಯನ್ನು ನಾನು ಅಂಚೆ ಪೆಟ್ಟಿಗೆಗೆ ಹಾಕಲಿಲ್ಲ. ಅವಳು ವಿಳಾಸ ಬರೆದು, ಅಂಚೆಚೀಟಿ ಅಂಟಿಸಿ, ಅಂಟು ಒಣಗುವವರೆಗೂ ಊದಿ ನನ್ನ ಕೈಗೆ ಕೊಟ್ಟಿದ್ದಳು. ಶಿಡ್ಲಘಟ್ಟದ ಅಂಚೆ ಕಚೇರಿಯ ಮುಂದಿದ್ದ ಕೆಂಪು ಪೆಟ್ಟಿಗೆಯ ಬಾಯೊಳಗೆ ಅದನ್ನು ಬಿಟ್ಟಿದ್ದರೆ ಮುಗಿಯುತ್ತಿತ್ತು. ಬಿಡದೆ ಬಸ್ಸು ಹತ್ತಿ ಮನೆಗೆ ಬಂದೆ. ಹಾಕಿದೆಯಾ ಎಂದು ಕೇಳಿದಾಗ ಹಾಕಿದೆ ಅಂದೆ. ನಾನು ಆರನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಬರೆದು ಅಭ್ಯಾಸವಿಲ್ಲ. ಆದರೆ ನಮ್ಮ ಮನೆ ಕಂಡ ಅತಿ ದೊಡ್ಡ ಗೆಲುವಿನ ಕಥೆಯನ್ನು ಪೂರ್ತಿಯಾಗಿ ಹೇಳಬಲ್ಲವಳು ನಾನೊಬ್ಬಳೇ. ನನ್ನ ತಪ್ಪನ್ನು ಪಕ್ಕಕ್ಕಿಟ್ಟು ಆ ಕಥೆ ಹೇಳಲು ಬರುವುದಿಲ್ಲ.

ಜಂಗಮಕೋಟೆಯ ಹತ್ತಿರ ನಮ್ಮೂರು. ನಮ್ಮ ಮನೆಯಲ್ಲಿ ಒಳ್ಳೆಯ ಕೋಣೆ ಯಾವುದೋ ಅದು ರೇಷ್ಮೆ ಹುಳುಗಳದ್ದು. ಗಾಳಿ ಬೆಳಕು ಬರುವ, ಕಿಟಕಿಗೆ ಜಾಲರಿ ಹೊಡೆದ, ದಿನಕ್ಕೆರಡು ಸಲ ಗುಡಿಸಿದ ಆ ಹುಳುಮನೆಯಲ್ಲಿ ಆಳೆತ್ತರದ ಸ್ಟ್ಯಾಂಡುಗಳ ಮೇಲೆ ಬಿದಿರಿನ ತಟ್ಟೆಗಳಲ್ಲಿ ಹುಳುಗಳು ಮಲಗಿರುತ್ತಿದ್ದವು. ಉಳಿದ ಎರಡು ಕೋಣೆ, ಒಂದು ಅಡುಗೆಮನೆಯಲ್ಲಿ ನಾವು ಐದು ಜನ. ಯಾರಾದರೂ ಹೊರಗಿನಿಂದ ಬಂದರೆ ಅಮ್ಮ ಮೊದಲು ಕಾಲು ತೊಳೆಸುತ್ತಿದ್ದಳು, ಆಮೇಲೆ ಯಾರು ಅಂತ ಕೇಳುತ್ತಿದ್ದಳು. ಹುಳು ನಾಲ್ಕು ಸಲ ಪೊರೆ ಬಿಡುತ್ತದೆ, ಅದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ನಾಲ್ಕನೇ ಜ್ವರದಿಂದ ಎದ್ದ ಹುಳು ಸೊಪ್ಪು ತಿನ್ನುವ ಸದ್ದು ಸೂರಿಗೆ ಸಣ್ಣ ಮಳೆ ಬಿದ್ದ ಹಾಗೆ ಕೇಳುತ್ತಿತ್ತು. ಬಾಗಿಲ ಹೊರಗೆ ನಿಂತು ಆ ಸದ್ದು ಕೇಳಿಯೇ ಯಾವ ಸಾಲಿನ ತಟ್ಟೆಯಲ್ಲಿ ಸೊಪ್ಪು ಮುಗಿದಿದೆ ಅಂತ ನಾನು ಹೇಳುತ್ತಿದ್ದೆ. ನನಗೆ ಶಾಲೆ ಕೊಡದ ಒಂದು ವಿದ್ಯೆಯನ್ನು ಆ ಕೋಣೆ ಕೊಟ್ಟಿತ್ತು.

ಅಡುಗೆಮನೆಯ ಹಿಂದಿನ ಸಣ್ಣ ಕೋಣೆ ಮಾವನದು. ಅಮ್ಮನ ತಮ್ಮ. ಸೈನ್ಯದಲ್ಲಿ ವೈರ್‌ಲೆಸ್ ಕೆಲಸ ಮಾಡಿ ಬಂದವರು, ಮದುವೆಯಾಗದವರು. ಹವ್ಯಾಸಿ ರೇಡಿಯೊ ನಡೆಸಲು ಸರ್ಕಾರದ ಲೈಸೆನ್ಸ್ ಇತ್ತು. ಹುಳುಮನೆಯ ಮಾಡಿನಿಂದ ಹುಣಸೆ ಮರಕ್ಕೆ ತಾಮ್ರದ ತಂತಿ ಎಳೆದು, ಟ್ರಾಕ್ಟರ್ ಬ್ಯಾಟರಿಗೆ ತಾವೇ ಜೋಡಿಸಿದ ಪೆಟ್ಟಿಗೆ ಸಿಕ್ಕಿಸಿ, ಕೀ ಅನ್ನುವ ಒತ್ತುಗುಂಡಿಯನ್ನು ಕೈಯಲ್ಲಿ ಕುಟ್ಟುತ್ತ ಲೋಕದ ಜೊತೆ ಮಾತಾಡುತ್ತಿದ್ದರು. ಮಾತು ಅಂದರೆ ಬಾಯಿಮಾತಲ್ಲ, ಚಿಕ್ಕ ಸದ್ದು, ಉದ್ದ ಸದ್ದು, ಅಷ್ಟೆ. ಸಂಜೆ ನನ್ನನ್ನೂ ಭಾಗ್ಯಳನ್ನೂ ಎದುರಿಗೆ ಕೂರಿಸಿಕೊಂಡು ಸ್ಟೀಲ್ ಲೋಟದ ಮೇಲೆ ಚಮಚದಿಂದ ಅಕ್ಷರ ಬಡಿದು ಕಲಿಸಿದರು. ಭಾಗ್ಯಳಿಗಿಂತ ಮೊದಲು ನನಗೆ ಬಂತು. ಇಂಗ್ಲಿಷ್ ಓದಲು ಬಾರದ ನನಗೆ ಇಂಗ್ಲಿಷಿನ ಇಪ್ಪತ್ತಾರು ಅಕ್ಷರಗಳ ಸದ್ದು ಮಾತ್ರ ಬಾಯಿಪಾಠವಾಯಿತು. ಮಾವನಿಗೆ ಒಂದು ಹಟವಿತ್ತು, ಅದನ್ನು ಊಟದ ಹೊತ್ತಿಗೂ ಬಿಡುತ್ತಿರಲಿಲ್ಲ.

“ಅವ್ರಿಗೆ ಕೇಳಿಸಿರುತ್ತೆ ಬಿಡು ಅಂತ ಅಂದ್ಕೊಂಡ್ರೆ ಆಗಲ್ಲಮ್ಮ. ನೀನು ಹೇಳ್ಬೇಕು, ಅವ್ರು ಕೇಳಿಸ್ಕೊಂಡ್ವಿ ಅಂತ ತಿರುಗಿ ಹೇಳ್ಬೇಕು. ಎರಡೂ ಆದ್ರೇನೇ ಮಾತು. ಇಲ್ದಿದ್ರೆ ಏನೂ ನಡ್ದಿಲ್ಲ ಅಂತಲೇ ಅರ್ಥ.”

ಭಾಗ್ಯ ಶಿಡ್ಲಘಟ್ಟದ ಶಾಲೆಗೆ ಹೋಗುತ್ತಿದ್ದಳು. ಬೆಂಗಳೂರಿನಲ್ಲಿ ಪರೀಕ್ಷೆ ಬರೆದು ಹದಿನಾರಕ್ಕೇ ತನ್ನದೇ ಲೈಸೆನ್ಸ್ ತಂದಳು. ಪ್ರಶ್ನೆಪತ್ರಿಕೆ ಇಂಗ್ಲಿಷಿನಲ್ಲಿ, ನಾನು ಹೋಗಲಿಲ್ಲ. ಅವಳು ಬಂದ ದಿನ ಅಮ್ಮ ಒಬ್ಬಟ್ಟು ಮಾಡಿದಳು. ನಾನೇ ಬೇಳೆ ರುಬ್ಬಿ ಹೂರಣ ಮಾಡಿಕೊಟ್ಟೆ, ನಾನೂ ಎರಡು ತಿಂದೆ. ಹೊಟ್ಟೆಕಿಚ್ಚು ಅಂತ ಆಗ ಅನ್ನಿಸಲಿಲ್ಲ. ಹೊಲದಿಂದ ಸೊಪ್ಪಿನ ಹೊರೆ ಹೊತ್ತು ಬರುವಾಗ ಮಾತ್ರ ಹಿಂದಿಗಿಂತ ಭಾರ ಅನ್ನಿಸುತ್ತಿತ್ತು.

ವರ್ಷಕ್ಕೊಮ್ಮೆ, ಅವರೆಕಾಯಿ ಕಾಲದಲ್ಲಿ, ಒಂದು ಸ್ಪರ್ಧೆ ಬರುತ್ತಿತ್ತು. ನಮ್ಮ ಮನೆಯಲ್ಲಿ ಅದಕ್ಕೆ ಕಂಟೆಸ್ಟು ಅಂತಲೇ ಹೆಸರು. ಶನಿವಾರ ಬೆಳಗಿನ ಐದೂವರೆಗೆ ಶುರು, ಸೋಮವಾರ ಬೆಳಗಿನ ಐದೂವರೆಗೆ ಮುಕ್ತಾಯ. ಅಷ್ಟರಲ್ಲಿ ಎಷ್ಟು ಜನರ ಕೂಗು ಹಿಡಿದು ಉತ್ತರ ಕೊಡುತ್ತೀರಿ, ಎಷ್ಟು ದೇಶ ಮುಟ್ಟುತ್ತೀರಿ ಎಂಬುದರ ಮೇಲೆ ಅಂಕ. ಹೊಸ ದೇಶವೊಂದು ಸಿಕ್ಕರೆ ಇಡೀ ಅಂಕ ಏಣಿ ಹತ್ತಿದ ಹಾಗೆ ಮೇಲೇರುತ್ತಿತ್ತು. ಒಬ್ಬರ ಜೊತೆ ಮಾತು ಅರ್ಧ ನಿಮಿಷವೂ ಇಲ್ಲ. ನಿನ್ನ ಸದ್ದು ಚೆನ್ನಾಗಿದೆ, ನಾನು ಇಂಥ ವಲಯದವನು, ಮುಗಿಯಿತು. ಅಮ್ಮನಿಗೆ ಇದು ಅರ್ಥವಾಗುತ್ತಲೇ ಇರಲಿಲ್ಲ.

“ಅಷ್ಟು ದೂರದಿಂದ ಕೂಗ್ತಾ ಅವ್ರೆ, ಊಟ ಆಯ್ತಾ ಅಂತಾನಾದ್ರೂ ಕೇಳ್ಬಾರ್ದೇನೋ?”

“ಹಿಂದುಗಡೆ ಇನ್ನೂ ನಲವತ್ತು ಜನ ನಿಂತವ್ರೆ ಅಕ್ಕಾ. ಎಲ್ರಿಗೂ ಊಟ ನೀನ್ ಹಾಕ್ತೀಯಾ?” ಅನ್ನುತ್ತಿದ್ದರು ಮಾವ.

ನನಗೂ ಅದು ಹುಚ್ಚಾಟ ಅಂತಲೇ ಕಂಡಿತ್ತು. ಒಂದು ಸಲ ಕೇಳಿಯೂಬಿಟ್ಟೆ, ಗೆದ್ದರೆ ಏನು ಕೊಡುತ್ತಾರೆ ಅಂತ. ಒಂದು ಕಾಗದ ಅಂದರು ಮಾವ. ಒಂದು ಕಾಗದಕ್ಕೆ ಎರಡು ದಿನ ಬೆನ್ನು ಮುರಿಯಬೇಕಾ ಅಂದೆ. ಮಾವ ಚಮಚ ಕೆಳಗಿಟ್ಟರು.

“ಕಾಗ್ದಕ್ಕಲ್ಲಮ್ಮ ರತ್ನ. ಬರೀ ಹರಟೆ ಹೊಡ್ಯೋವಾಗ ಕಿವಿ ಮಲ್ಗಿರುತ್ತೆ. ನೂರು ಜನ ಒಟ್ಟಿಗೆ ಕೂಗ್ತಿರೋವಾಗ ಒಬ್ಬನ್ನ ಆರಿಸಿ ಕೇಳಿಸ್ಕೊಳ್ಳೋದನ್ನ ಕಂಟೆಸ್ಟು ಬಿಟ್ರೆ ಇನ್ಯಾರೂ ಕಲ್ಸಲ್ಲ. ಯಾವತ್ತೋ ಒಂದಿನ ಒಬ್ಬನೇ ಒಬ್ಬ ನಿಜವಾಗ್ಲೂ ಕೂಗ್ತಾನೆ. ಅವತ್ತಿಗೆ ಬೇಕು ಇದು.”

ಭಾಗ್ಯಳ ಮೊದಲ ಕಂಟೆಸ್ಟು ಬಂದ ವಾರ ನಮ್ಮ ಹುಳುಗಳು ಹಣ್ಣಾಗುವುದರಲ್ಲಿದ್ದವು. ಹಣ್ಣಾದ ಹುಳು ಸೊಪ್ಪು ಬಿಟ್ಟು ತಲೆಯೆತ್ತಿ ಅತ್ತಿತ್ತ ಆಡಿಸುತ್ತದೆ, ಮೈ ಜೇನಿನ ಬಣ್ಣಕ್ಕೆ ತಿರುಗುತ್ತದೆ. ಆಗ ಒಂದೊಂದನ್ನೇ ಆರಿಸಿ ಚಂದ್ರಿಕೆಗೆ, ಅಂದರೆ ಸುರುಳಿ ಹೆಣೆದ ಬಿದಿರಿನ ತಟ್ಟೆಗೆ ಬಿಡಬೇಕು, ಅಲ್ಲಿ ಅದು ಗೂಡು ಕಟ್ಟುತ್ತದೆ. ತಡ ಮಾಡಿದರೆ ಸಿಕ್ಕಸಿಕ್ಕಲ್ಲಿ ನೂಲು ಬಿಟ್ಟು ಹಾಳಾಗುತ್ತದೆ. ಆ ದಿನ ಮನೆಯವರೆಲ್ಲ ಹುಳು ಆರಿಸಬೇಕು. ಮದುವೆ ಗೊತ್ತಾದವಳಿಗೂ ವಿನಾಯಿತಿ ಇಲ್ಲ. ಸೋಮವಾರಕ್ಕೆ ಹಣ್ಣಾಗುತ್ತವೆ ಅಂತ ಅಪ್ಪ ಅಂದುಕೊಂಡಿದ್ದರು. ಭಾನುವಾರ ಬೆಳಿಗ್ಗೆ ನಾನು ಬಾಗಿಲ ಹೊರಗೆ ನಿಂತು ಕಿವಿಗೊಟ್ಟರೆ ಮಳೆಯ ಸದ್ದು ನಿಂತುಹೋಗಿತ್ತು.

“ರತ್ನಾ, ಭಾಗ್ಯನ್ನ ಕರ್ಕೊಂಡ್ ಬಾರೇ, ಹುಳ ಎಲ್ಲಾ ಹಣ್ಣಾಗವೆ!” ಅಂತ ಅಮ್ಮ ಒಳಗಿನಿಂದ ಕೂಗಿದಳು.

ಮಾವ ಕೋಣೆಯ ಬಾಗಿಲಿಗೆ ಅಡ್ಡ ನಿಂತಿದ್ದರು.

“ಅವಳು ಏಳಂಗಿಲ್ಲ ಅಕ್ಕಾ. ಈಗ ತಾನೆ ಜಪಾನ್ ತೆಗೆದಿದೆ, ಅಲ್ಲಿನ ಸದ್ದು ಬರ್ತಿದೆ. ಇನ್ನೆರಡು ಗಂಟೆಗೆ ಮುಚ್ಚೋಗುತ್ತೆ.”

“ಹುಳಕ್ಕೆ ಹೇಳು ನಿನ್ನ ಜಪಾನು! ಇನ್ನೆರಡು ಗಂಟೆ ತಡ್ಕಳ್ರಪ್ಪಾ ಅಂತ ಹೇಳು! ಏಂ ಗೋಲ ಇದಿ, ದೇವ್ರೇ!” ಸಿಟ್ಟು ಬಂದರೆ ಅಮ್ಮನಿಗೆ ತವರಿನ ತೆಲುಗು ಬರುತ್ತಿತ್ತು, ಇದೆಂಥ ರಗಳೆ ಅಂತ.

ಭಾಗ್ಯ ಒಂದು ಕಿವಿಯಿಂದ ಹೆಡ್‌ಫೋನ್ ಸರಿಸಿ ನನ್ನನ್ನು ನೋಡಿದಳು. ಕೀ ಮೇಲಿನ ಕೈ ನಿಂತಿರಲಿಲ್ಲ.

“ಅಕ್ಕಾ, ನನ್ ಪಾಲಿಂದೂ ನೀನೇ ಮಾಡ್ತೀಯಾ? ಇದೊಂದ್ಸಲ.”

“ಮಹಾರಾಣಿಯೋರು ಕೂತ್ಕೊಳ್ಳಿ. ಜಪಾನಿನೋರು ಬಂದು ಹುಳ ಆರಿಸ್ತಾರೆ” ಅಂದು ನಾನು ಹೊರಟೆ.

ಆರಿಸಿದೆ. ಅವಳ ಪಾಲಿನ ಸ್ಟ್ಯಾಂಡು, ನನ್ನ ಪಾಲಿನ ಸ್ಟ್ಯಾಂಡು, ಎರಡನ್ನೂ. ಮಾವನೂ ಪಂಚೆ ಎತ್ತಿ ಕಟ್ಟಿ ಬಂದರು. ಅಪ್ಪ ಚಂದ್ರಿಕೆಗಳನ್ನು ಅಂಗಳಕ್ಕೆ ಸಾಗಿಸಿದರು. ಆ ದಿನವನ್ನು ನೆನೆಸಿಕೊಂಡರೆ ಈಗಲೂ ಮೈ ಜುಮ್ಮೆನ್ನುತ್ತದೆ. ಒಂದು ಕಡೆ ನಮ್ಮ ಬೆರಳುಗಳು ಹುಳುಗಳನ್ನು ಮೃದುವಾಗಿ ಎತ್ತಿ ಎತ್ತಿ ಬಿಡುತ್ತಿವೆ. ಗೋಡೆಯ ಆಚೆ ಭಾಗ್ಯಳ ಕೀ ಒಂದೇ ಸಮನೆ ಟಿಕ್ ಟಿಕ್ ಅನ್ನುತ್ತಿದೆ. ನನಗೆ ಆ ಭಾಷೆ ಗೊತ್ತಿತ್ತಲ್ಲ, ಹುಳು ಆರಿಸುತ್ತಲೇ ಅವಳು ಯಾರಿಗೆ ಉತ್ತರ ಕೊಡುತ್ತಿದ್ದಾಳೆ ಅಂತ ಕೇಳಿಸಿಕೊಂಡೆ. ಪ್ರತಿಯೊಬ್ಬರಿಗೂ ಒಂದು ಕರೆಹೆಸರು, ಅದರ ಮೊದಲ ಅಕ್ಷರಗಳೇ ದೇಶ ಹೇಳುತ್ತವೆ. ಜಪಾನು, ಮತ್ತೆ ಜಪಾನು, ರಷ್ಯಾದ ಪೂರ್ವದ ತುದಿ, ಆಸ್ಟ್ರೇಲಿಯಾ. ನಾನು ಒಂದೊಂದು ಕರೆಯನ್ನೂ ಜೋರಾಗಿ ಹೇಳತೊಡಗಿದೆ. ಮೊದಲು ಸಿಟ್ಟಿಗೆ ಹೇಳಿದ್ದು, ಬರಬರುತ್ತ ಅದೇ ಹುರುಪಾಯಿತು. ಹತ್ತು ಗಂಟೆಯ ಹೊತ್ತಿಗೆ ಅಮ್ಮನೇ ಕೇಳತೊಡಗಿದಳು, “ಈಗ ಯಾವೂರು ಬಂತೇ?” ಊಟದ ಹೊತ್ತಿಗೆ ಹಿತಕಿದ ಬೇಳೆ ಸಾರಿಗೆ ಮುದ್ದೆ ಅದ್ದಿ, ಸಣ್ಣ ಸಣ್ಣ ತುತ್ತು ಮಾಡಿ, ಭಾಗ್ಯಳ ಕೈ ನಿಲ್ಲದ ಹಾಗೆ ಬಾಯಿಗಿಟ್ಟು ಬಂದಳು. ತುತ್ತು ನುಂಗುವ ಹೊತ್ತಿಗೂ ಭಾಗ್ಯ ಒಬ್ಬನನ್ನು ಹಿಡಿದಳಂತೆ. ಸಂಜೆ ಯುರೋಪು ತೆರೆಯಿತು, ಪ್ರವಾಹದ ಹಾಗೆ. ಕೊನೆಯ ತಟ್ಟೆ ಖಾಲಿಯಾಗುವುದಕ್ಕೂ ಮಾವ ಬಂದು ಹೇಳುವುದಕ್ಕೂ ಸರಿಹೋಯಿತು. ಅವರ ಆಯುಷ್ಯದ ಅತಿ ಹೆಚ್ಚಿನ ಅಂಕವನ್ನು ಅವಳು ದಾಟಿದ್ದಳು.

ಸೋಮವಾರ ಬೆಳಗಿನ ಐದೂವರೆಗೆ ಅವಳು ಹೆಡ್‌ಫೋನ್ ತೆಗೆದಾಗ ಪಟ್ಟಿಯಲ್ಲಿ ಐನೂರ ಹನ್ನೆರಡು ಕರೆಗಳಿದ್ದವು. ಹಿತ್ತಲಲ್ಲಿ ಮುಖ ತೊಳೆದು ಬಂದವಳು ನನ್ನನ್ನು ತಬ್ಬಿಕೊಂಡಳು. ಅಂಗಳದ ತುಂಬ ಒರಗಿಸಿದ ಚಂದ್ರಿಕೆಗಳಲ್ಲಿ ಗೂಡು ಬೆಳ್ಳಗೆ ಕಟ್ಟತೊಡಗಿತ್ತು. ಆ ಸಲದಷ್ಟು ಒಳ್ಳೆಯ ಗೂಡು ನಮ್ಮ ಮನೆಯಲ್ಲಿ ಮುಂಚೆಯೂ ಆಗಿರಲಿಲ್ಲ, ಆಮೇಲೂ ಆಗಲಿಲ್ಲ. ಅಪ್ಪನದು ಮಾತು ಕಡಿಮೆ. ಅವತ್ತು ಚಂದ್ರಿಕೆ ನೋಡಿ, ರೇಡಿಯೊ ಕೋಣೆ ನೋಡಿ, “ಎರಡೂ ಗೆದ್ವಿ” ಅಂದರು.

ಮಾತಾಡಿದವರ ಪಟ್ಟಿಗೆ ಮಾವ ಲಾಗು ಅನ್ನುತ್ತಿದ್ದರು. ಒಂದು ತಿಂಗಳೊಳಗೆ ಅದು ಪರದೇಶದ ಸಂಘಕ್ಕೆ ತಲುಪಬೇಕು. ಭಾಗ್ಯ ಅದನ್ನು ಕಾರ್ಬನ್ ಹಾಳೆ ಇಟ್ಟು ಅಂದವಾಗಿ ನಕಲು ಮಾಡಿದಳು. ಮೇಲಿನ ಹಾಳೆಯಲ್ಲಿ ಒಂದು ಸಾಲಿತ್ತು, ಅದರ ಕೆಳಗೆ ಅವಳು ಸಹಿ ಹಾಕಬೇಕಿತ್ತು. ಏನದು ಅಂತ ಕೇಳಿದೆ. ಅವಳು ಪೆನ್ನಿನ ಮುಚ್ಚಳ ತೆಗೆಯುತ್ತ ಹೇಳಿದಳು.

“ಇದ್ರಲ್ಲಿ ನಂಗೆ ಬೇರೆ ಯಾರ ಸಹಾಯನೂ ಇಲ್ಲ, ಎಲ್ಲಾ ನಾನೊಬ್ಳೇ ಮಾಡಿದ್ದು ಅಂತ.”

ಅದು ಬರೀ ನಿಯಮದ ಮಾತು. ರೇಡಿಯೊ ಮುಂದೆ ಕೂತವಳು ಒಬ್ಬಳೇ ಅಂತ, ಅಷ್ಟೆ. ಈಗ ಗೊತ್ತು. ಆವತ್ತು ಅವಳ ಸಹಿಯ ಶಾಯಿ ಆರುವುದನ್ನು ನೋಡುತ್ತ ನಿಂತಾಗ ನನಗೆ ನನ್ನ ಕೈಬೆರಳು ಕಂಡವು. ಎರಡು ಸ್ಟ್ಯಾಂಡಿನ ಹುಳು ಎತ್ತಿದ ಬೆರಳು. ಯಾರ ಸಹಾಯವೂ ಇಲ್ಲ. ಮಾರನೆಯ ದಿನ ಅಪ್ಪ ಗೂಡು ತೆಗೆದುಕೊಂಡು ಶಿಡ್ಲಘಟ್ಟದ ಮಾರುಕಟ್ಟೆಗೆ ಹೊರಟರು, ಜೊತೆಗೆ ನಾನು. ಅಪ್ಪ ಮಾರುಕಟ್ಟೆಯೊಳಗಿದ್ದಾಗ ನಾನು ಅಂಚೆ ಕಚೇರಿಯ ಮುಂದೆ ಹೋಗಿ ನಿಂತೆ. ಲಕೋಟೆಯನ್ನು ಪೆಟ್ಟಿಗೆಯ ಬಾಯಿಗೆ ಅರ್ಧ ತೂರಿಸಿದೆ ಕೂಡ. ಆ ಸಾಲು ಮತ್ತೆ ಕಿವಿಯಲ್ಲಿ ಕೇಳಿಸಿತು. ಹಿಂದಕ್ಕೆ ಎಳೆದುಕೊಂಡೆ. ನಾಳೆ ಹಾಕೋಣ, ಒಂದು ದಿನ ಕಾಯಲಿ ಅಂದುಕೊಂಡೆ. ನಾಳೆ ಅನ್ನುವುದು ವಾರವಾಯಿತು, ತಿಂಗಳಾಯಿತು. ಆಮೇಲೆ ಹಾಕಿಯೂ ಉಪಯೋಗವಿರಲಿಲ್ಲ. ಹಾಕಲಿಲ್ಲ ಅಂತ ಹೇಳುವ ಧೈರ್ಯವೂ ಬರಲಿಲ್ಲ.

ಫಲಿತಾಂಶದ ಪುಸ್ತಕ ಬಂದಾಗ ಅವಳು ಮೂರು ಸಲ ಹಾಳೆ ತಿರುವಿದಳು. ಹೆಸರಿಲ್ಲ. ತಪ್ಪು ಜಾಸ್ತಿಯಿದ್ದರೆ ಲಾಗನ್ನು ತೆಗೆದುಹಾಕುತ್ತಾರೆ ಅಂದರು ಮಾವ. ಭಾಗ್ಯ ಕಾರ್ಬನ್ ಪ್ರತಿ ತೆಗೆದು ರಜೆಯೆಲ್ಲ ಅದರ ಮುಂದೆ ಕೂತಳು. ಒಂದೇ ಸ್ಟೇಷನ್ನನ್ನು ಎರಡೆರಡು ಸಲ ಬರೆದು, ಎರಡನೆಯದು ಲೆಕ್ಕಕ್ಕಿಲ್ಲ ಅಂತ ಗುರುತು ಹಾಕದ ಏಳು ಸಾಲು ಸಿಕ್ಕವು. ನನ್ನ ಹತ್ತಿರ ತಂದು ತೋರಿಸಿದಳು.

“ನೋಡಕ್ಕಾ, ಇದಕ್ಕೇ ಕಿತ್ತಾಕವ್ರೆ. ನಂದೇ ತಪ್ಪು. ನೀನು ಅಷ್ಟು ಕಷ್ಟ ಬಿದ್ದು ನನ್ ಪಾಲಿನ ಹುಳ ಎತ್ತಿದೆ, ನಾನು ಹಿಂಗ್ ಮಾಡ್ದೆ.”

ಲಕೋಟೆ ಆಗ ನಾವು ನಿಂತಿದ್ದ ಜಾಗದಿಂದ ಎರಡು ಮಾರು ದೂರದಲ್ಲಿ, ನನ್ನ ಟ್ರಂಕಿನ ತಳದಲ್ಲಿತ್ತು. ಹೋಗಲಿ ಬಿಡೇ ಅಂದೆ. ಮರುವರ್ಷ ನನ್ನನ್ನು ಚಿಂತಾಮಣಿಗೆ ಕೊಟ್ಟರು. ಮದುವೆ ಸೀರೆಯ ಕೆಳಗೆ ಲಕೋಟೆಯೂ ಬಂತು. ಮಾವ ಹೋದರು, ಅಪ್ಪ ಅಮ್ಮ ಹೋದರು, ಅವರ್‍ಯಾರಿಗೂ ಗೊತ್ತಾಗಲಿಲ್ಲ.

ಭಾಗ್ಯ ಸೋತು ಕೂರುವ ಹುಡುಗಿಯಲ್ಲ. ವಿಜ್ಞಾನದ ಮೇಷ್ಟ್ರಮ್ಮ ಆದಳು, ಚಿಕ್ಕಬಳ್ಳಾಪುರದಲ್ಲಿ ಮನೆ ಕಟ್ಟಿಸಿದಳು, ಮಹಡಿಯ ಮೇಲೆ ರೇಡಿಯೊ ಕಂಬ ನಿಲ್ಲಿಸಿದಳು. ಒಂದು ವರ್ಷವೂ ಕಂಟೆಸ್ಟು ಬಿಡಲಿಲ್ಲ. ಮುಂಬಾಗಿಲ ಗೋಡೆಯಲ್ಲಿ ಈಗ ಸುಣ್ಣ ಕಾಣದಷ್ಟು ಪ್ರಶಸ್ತಿ ಪತ್ರಗಳಿವೆ. ಮಾವ ಹೇಳಿದ ಆ ಒಂದು ದಿನವೂ ಬಂತು. ಕೆಲವು ವರ್ಷಗಳ ಹಿಂದೆ ಬಿಡದೆ ಮಳೆ ಹೊಡೆದು, ಕೆರೆಗಳು ಕೋಡಿ ಬಿದ್ದು, ಗೌರಿಬಿದನೂರಿನ ಕಡೆ ಹಲವು ಹಳ್ಳಿಗಳಲ್ಲಿ ಫೋನು ಸತ್ತುಹೋದವು. ಅಲ್ಲಿದ್ದ ಇನ್ನೊಬ್ಬ ರೇಡಿಯೊದವನು ಸಣ್ಣ ಬ್ಯಾಟರಿಯಲ್ಲಿ ಕೂಗುತ್ತಿದ್ದ. ಗುಡುಗಿನ ಗರಗರದ ಕೆಳಗೆ ಅವನ ದನಿ ಉಸಿರಿನಷ್ಟೇ ಇತ್ತಂತೆ. ಯಾವ ಮನೆಯಲ್ಲಿ ಬಾಣಂತಿ ಇದ್ದಾಳೆ, ಯಾರಿಗೆ ಯಾವ ಔಷಧಿ ಬೇಕು ಅಂತ ಅವನು ಒಂದೊಂದು ಸಲವಷ್ಟೇ ಹೇಳಿದ. ಇವಳು ಒಂದಕ್ಷರ ಬಿಡದೆ ಬರೆದು ದಾಟಿಸಿದಳು. ದೋಣಿ ಹೋಯಿತು, ಔಷಧಿ ಹೋಯಿತು. ಎಲ್ಲರೂ ಉಳಿದರು.

ಅದಾದ ಮೇಲೆ ಶಾಲೆಗಳವರು ಅವಳನ್ನು ಕರೆಯತೊಡಗಿದರು. ಮುದ್ದೇನಹಳ್ಳಿಯ ಕಡೆ ಒಂದು ಶಾಲೆಗೆ ಹೋದಾಗ ನನ್ನನ್ನೂ ಕರೆದುಕೊಂಡು ಹೋದಳು. ಅಲೀಪುರದಿಂದ ಬಂದು ಹಾಸ್ಟೆಲಿನಲ್ಲಿದ್ದ ಒಬ್ಬ ಹುಡುಗಿ ಎದ್ದು ನಿಂತು, “ಮಿಸ್, ಸುಮ್ನೆ ಮಾತಾಡ್ಬೋದಲ್ವಾ, ಕಾಂಪಿಟೇಶನ್ ಯಾಕೆ?” ಅಂದಳು. ನಾನು ಮಾವನಿಗೆ ಕೇಳಿದ ಪ್ರಶ್ನೆಯೇ. ಭಾಗ್ಯ ನಕ್ಕಳು.

“ನನ್ ಮೊದಲ್ನೇ ಲಾಗ್ ರಿಜೆಕ್ಟ್ ಆಯ್ತಮ್ಮ. ಏಳು ತಪ್ಪು ಮಾಡಿದ್ದೆ. ನಮ್ಮಕ್ಕ ಇಲ್ಲೇ ಕೂತವ್ಳೆ, ಕೇಳು ಬೇಕಾದ್ರೆ. ಅವತ್ತಿಂದ ಒಂದಕ್ಷರ ಬರೆದ್ರೂ ಎರಡು ಸಲ ನೋಡ್ತೀನಿ. ಸ್ಪರ್ಧೆ ಇಲ್ದಿದ್ರೆ ನನ್ ತಪ್ಪು ನಂಗೆ ಯಾರು ತೋರಿಸ್ತಿದ್ರು?”

ಮಕ್ಕಳೆಲ್ಲ ನನ್ನ ಕಡೆ ತಿರುಗಿ ನೋಡಿದರು. ನಾನು ತಲೆಯಾಡಿಸಿದೆ. ಲಕೋಟೆ ಹಾಕದೆ ಇದ್ದದ್ದಕ್ಕಿಂತ ಆ ತಲೆಯಾಟ ನನ್ನನ್ನು ಹೆಚ್ಚು ಸುಟ್ಟಿತು. ತನ್ನಿಂದಾಗದ ಸೋಲನ್ನು ನನ್ನ ತಂಗಿ ಜನ್ಮವಿಡೀ ಹೊತ್ತಿದ್ದಾಳೆ, ಹೊತ್ತು ಅದರಿಂದಲೇ ದೊಡ್ಡವಳಾಗಿದ್ದಾಳೆ. ಹಾಗಂತ ಅದು ನನ್ನ ಪುಣ್ಯವಾಗುವುದಿಲ್ಲ.

ಹೋದ ಅವರೆಕಾಯಿ ಕಾಲಕ್ಕೆ ಅವಳ ಫೋನು ಬಂತು.

“ಅಕ್ಕಾ, ಈ ಸಲ ಒಬ್ಳೇ ಅಂತ ಹೆಸರು ಕೊಡಲ್ಲ. ಜೊತೆಗೊಬ್ರು ಅಂತ ಕೊಡ್ತೀನಿ. ನೀನು ಬಂದು ಇನ್ನೊಂದು ಹೆಡ್‌ಫೋನ್ ಹಾಕ್ಕೋ. ಕೀ ನಾನು ನೋಡ್ಕೋತೀನಿ, ನಿನ್ ಕಿವಿ ಬೇಕು.”

“ನಂಗೇನ್ ಬರುತ್ತೇ ಈಗ, ಮುದುಕಿಗೆ?”

“ಹುಳ ಹಣ್ಣಾಗಿದ್ದು ಬಾಗಿಲಾಚೆಯಿಂದ ಕೇಳ್ತಿದ್ದೋಳು ನೀನು. ಸುಮ್ನೆ ಬಾರೇ.”

ಹೋದೆ. ಬ್ಯಾಗಿನಲ್ಲಿ ಸೀರೆಯ ಮಡಿಕೆಯೊಳಗೆ ಲಕೋಟೆ ಇಟ್ಟುಕೊಂಡೇ ಹೋದೆ. ಶನಿವಾರ ಬೆಳಗಿನ ಐದೂವರೆಗೆ ಹೆಡ್‌ಫೋನ್ ಹಾಕಿಕೊಂಡಾಗ ಮೊದಲು ಏನೂ ಬಿಡಿಯಾಗಲಿಲ್ಲ, ಸಂತೆಯ ಗದ್ದಲ. ಹತ್ತು ನಿಮಿಷಕ್ಕೆ ಸಂತೆಯಲ್ಲಿ ಒಬ್ಬೊಬ್ಬರೇ ಬೇರೆಯಾದರು. ನನ್ನ ಕಿವಿ ಸತ್ತಿರಲಿಲ್ಲ! ಭಾಗ್ಯ ಕೂಗುವಳು, ಉತ್ತರಗಳು ಮುಗಿಬೀಳುವವು, ಅವಳಿಗೆ ಸಿಗದ ಅಕ್ಷರ ನಾನು ಹೇಳುವೆನು. ಭಾನುವಾರ ಹನ್ನೊಂದರ ಹೊತ್ತಿಗೆ ಒಂದು ದನಿ, ದನಿಯೂ ಅಲ್ಲ, ಹುಳು ಎಲೆಯಂಚು ಕಚ್ಚಿದಷ್ಟು ಸಣ್ಣ ಸದ್ದು, ಕೆಳಗೆಲ್ಲೋ ಮುಳುಗುತ್ತಿತ್ತು. ಭಾಗ್ಯ ಮುಂದಕ್ಕೆ ಹೋಗುತ್ತಿದ್ದಳು. ನಾನು ಅವಳ ಮೊಣಕೈ ಹಿಡಿದೆ. ಅಕ್ಷರ ಅಕ್ಷರವಾಗಿ ಹೇಳಿದೆ. ಪೆಸಿಫಿಕ್ ಸಾಗರದ ನಡುವಿನ ಒಂದು ದ್ವೀಪ. ಇಷ್ಟು ವರ್ಷದಲ್ಲಿ ಅವಳಿಗೆ ಒಮ್ಮೆಯೂ ಸಿಗದ ದೇಶ. ಅವಳು ಕುಟ್ಟಿದಳು, ಅವನು ತಿರುಗಿ ಹೇಳಿದ. ಭಾಗ್ಯ ಕುರ್ಚಿಯಿಂದ ಎದ್ದು ಕುಣಿದಳು, ಐವತ್ತು ದಾಟಿದ ಹೆಂಗಸು. ಸಂಜೆಯೊಳಗೆ ನಾವು ಅವಳ ಹಿಂದಿನ ಎಲ್ಲ ದಾಖಲೆಗಳನ್ನೂ ಹಿಂದೆ ಹಾಕಿದ್ದೆವು.

ಸೋಮವಾರ ಬೆಳಗಾಗಿತ್ತು. ನಂದಿ ಬೆಟ್ಟದ ಮೇಲೆ ಬೆಳಕು ಬಿದ್ದಿತ್ತು, ಕಾಫಿ ಲೋಟ ಕೈಯಲ್ಲಿತ್ತು. ಈಗ ಲಾಗಿಗೆ ಅಂಚೆ ಬೇಡ, ಕಂಪ್ಯೂಟರಿನಲ್ಲೇ ಹೋಗುತ್ತದೆ. ಕೊನೆಯಲ್ಲಿ ನಾಲ್ಕು ಮಾತು ಬರೆಯುವ ಜಾಗದಲ್ಲಿ ಭಾಗ್ಯ ಇಂಗ್ಲಿಷಿನಲ್ಲಿ ಏನೋ ಬರೆದು ನನಗೆ ಓದಿ ಹೇಳಿದಳು, ಇದರಲ್ಲಿ ಅರ್ಧ ನನ್ನ ಅಕ್ಕನ ಕಿವಿಯದು ಅಂತ. ಆಮೇಲೆ ಕುರ್ಚಿ ಸರಿಸಿದಳು.

“ನೀನೇ ಕಳ್ಸಕ್ಕಾ. ಇದನ್ನ ಒತ್ತು, ಹೋಗುತ್ತೆ.”

ನನ್ನ ಬೆರಳು ಮುಂದಕ್ಕೆ ಹೋಗಲಿಲ್ಲ. ಎದ್ದು ಬ್ಯಾಗು ತೆರೆದು ಲಕೋಟೆ ತಂದು ಅವಳ ಮುಂದಿಟ್ಟೆ. ಅದರ ಮೇಲೆ ಅವಳದೇ ಹುಡುಗಿ ಕಾಲದ ಅಕ್ಷರ. ಅಂಚೆಚೀಟಿಯ ಮೇಲೆ ಮುದ್ರೆ ಬಿದ್ದಿರಲಿಲ್ಲ. ಅವಳು ಅದನ್ನು ತಿರುಗಿಸಿ ನೋಡಿದಳು, ಅಂಟಿಸಿದ ಅಂಚನ್ನು ಬೆರಳಿನಿಂದ ಸವರಿದಳು. ಕಣ್ಣು ತುಂಬಿತ್ತು. ಆದರೆ ಮುಖದಲ್ಲಿ ಮೂಡಿದ್ದು ಅಳುವಲ್ಲ, ಹೊರೆ ಇಳಿಸಿದವರ ಹಗುರ.

“ಹಂಗಾದ್ರೆ ನನ್ ಲಾಗನ್ನ ಯಾರೂ ಕಿತ್ತಾಕಿರ್ಲಿಲ್ಲ” ಅಂದಳು. ಆಮೇಲೆ ನನ್ನ ಮುಖ ನೋಡಿ, “ಗೊತ್ತಾಯ್ತಕ್ಕಾ. ಬಿಡು, ಹೇಳ್ಬೇಡ” ಅಂದಳು.

ಬಿಡಲಿಲ್ಲ. ಗೊತ್ತಾಗಿರುತ್ತದೆ ಅಂದುಕೊಂಡರೆ ಆಗುವುದಿಲ್ಲ ಅಂತ ಲೋಟದ ಮೇಲೆ ಬಡಿದು ಹೇಳಿಕೊಟ್ಟವರ ಮನೆಯಲ್ಲಿ ನಾನು ಬೆಳೆದಿದ್ದೆ.

“ಇಲ್ಲ ಕಣೇ, ಕೇಳಿಸ್ಕೋ. ನಿನ್ ತಪ್ಪಿಂದ ಹೋಗಿದ್ದಲ್ಲ. ನೀನು ಗೆದ್ದಿದ್ದೆ. ನಾನು ಹೊಟ್ಟೆಕಿಚ್ಚಿಗೆ ಇದನ್ನ ಡಬ್ಬಕ್ಕೆ ಹಾಕ್ಲಿಲ್ಲ, ಹಾಕ್ದೆ ಅಂತ ಸುಳ್ಳು ಹೇಳ್ದೆ, ಆ ಮಕ್ಳ ಮುಂದೆನೂ ಸುಳ್ಳಿಗೆ ತಲೆ ಆಡಿಸ್ದೆ. ನನ್ನಿಂದ ತಪ್ಪಾಯ್ತು ಭಾಗ್ಯಮ್ಮಾ. ನನ್ನ ಕ್ಷಮಿಸು.”